ನಾಡು ಒಂದಾಯಿತು, ವಿದ್ಯೆ ಒಂದಾಗಬೇಡವೇ?

(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ಏಕೀಕರಣವೆಂದೊಡನೆಯೇ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವದು ನಾಡಿನ ನಕಾಶೆ. ಮುಂಬಯಿ ಮದ್ರಾಸು ಇಲಾಖೆಗಳಲ್ಲಿಯೂ, ನಿಜಾಮನ ಸೀಮೆಯಲ್ಲಿಯೂ, ಮೈಸೂರು ಸಂಸ್ಥಾನದಲ್ಲಿಯೂ, ಕೊಡಗಿನಲ್ಲಿಯೂ, ಹಲವು ಚಿಕ್ಕ ಸಂಸ್ಥಾನಗಳಲ್ಲಿಯೂ ಹರಿದು ಹಂಚಿಹೋಗಿದ್ದ ಕನ್ನಡಿಗರಲ್ಲಿ ಬಹುಭಾಗದವರು 1956ನೆಯ ಇಸವಿಯ ನವೆಂಬರ 1ಕ್ಕೆ ಒಂದೇ ಆಡಳಿತದ ಕೆಳಗೆ ಬಂದರು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಹಿರಿಯರ ತಪಸ್ಸು ಫಲಿಸಿತು. ಇಷ್ಟಾದ ಮೇಲೆ ಏಕೀಕರಣದ ಮಾತು ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಆದರೆ ನಾಡು ಒಡೆದಿದ್ದಾಗ ಮಣ್ಣು ಮಾತ್ರವೇ ಒಡೆದಿರಲಿಲ್ಲ, ನಮ್ಮ ವಿದ್ಯೆಯೂ ಒಡೆದಿತ್ತು. ಮಣ್ಣು ಕೂಡಿತು. ವಿದ್ಯೆಯು ಕೂಡಿತೇ? ಇದೇ ಇಂದು ನಾವು ತಮ್ಮ ಮುಂದೆ ಇಡತಕ್ಕ ಪ್ರಶ್ನೆ.

ವಿದ್ಯೆ ಹೇಗೆ ಒಡೆದಿತ್ತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಮೈಸೂರಿನಲ್ಲಿ ರೈಸ್ ಸಾಹೇಬರು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳನ್ನು ಹೊರಡಿಸತೊಡಗಿ, ಮೈಸೂರು ಮತ್ತು ಕೊಡಗುಗಳ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಫ್ಲೀಟ್ ಸಾಹೇಬರು 1882ರಲ್ಲಿ ಬರೆದರು. ಬಳ್ಳಾರಿಯ ಕಡೆಯ ಶಾಸನಗಳು ಮದ್ರಾಸಿನ ಸಂಪುಟಗಳನ್ನು ಸೇರಿದವು. ರಾಯಚೂರು ಸೀಮೆಯ ಮಸ್ಕಿಯ ಶಾಸನವು ಹೈದರಾಬಾದಿನ ಮಾಲಿಕೆಯಲ್ಲಿ ಅಚ್ಚಾಯಿತು. ಒಬ್ಬನೇ ಚಾಲುಕ್ಯ ಅರಸನ ಎರಡು ಶಾಸನಗಳನ್ನು ಓದಬೇಕಾದವನು ಎರಡು ಸರಕಾರಗಳ ಪುಸ್ತಕಗಳನ್ನು ತರಿಸಬೇಕಾಗಿತ್ತು. ಅರಸನು ಒಬ್ಬ, ಲಿಪಿಯು ಒಂದು, ಭಾಷೆಯು ಒಂದು. ಪುಸ್ತಕದ ಕಪಾಟು ಮಾತ್ರ ನಾಲ್ಕು! ಆಲೂರ ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಬರೆದಾಗ ಮಾಡಿದ ಮುಖ್ಯ ಕೆಲಸವೆಂದರೆ ಈ ನಾಲ್ಕು ಕಪಾಟುಗಳನ್ನು ಒಂದೇ ಮನೆಯೊಳಗೆ ತಂದು ಇಟ್ಟದ್ದು. ನಾಡಿನ ನಕಾಶೆಯು ಕಾಗದದ ಮೇಲೆ ಮೂಡುವದಕ್ಕಿಂತ ಸುಮಾರು ನಾಲ್ವತ್ತು ವರುಷ ಮುಂಚೆಯೇ ಅದು ಆ ಪುಸ್ತಕದಲ್ಲಿ ಮೂಡಿತ್ತು.

ಈಗ ಸರಕಾರಗಳ ಗೋಡೆಗಳು ಬಿದ್ದಿವೆ. ಆದರೆ ಬೇರೊಂದು ಬಗೆಯ ಗೋಡೆಗಳು ಎದ್ದು ನಿಂತಿವೆ. ಶಾಸನ ಓದುವವರು ಕಾವ್ಯ ಓದುವವರ ಮನೆಗೆ ಹೋಗುವದಿಲ್ಲ. ಭಾಷಾಶಾಸ್ತ್ರಜ್ಞರ ಮಾತು ಇತಿಹಾಸಜ್ಞರ ಕಿವಿಗೆ ಬೀಳುವದಿಲ್ಲ. ಇವರೆಲ್ಲರೂ ಹೊಸದಾಗಿ ಕಂಡುಕೊಂಡದ್ದು ಬಹುಶಃ ಇಂಗ್ಲಿಷಿನಲ್ಲಿಯೇ ಅಚ್ಚಾಗಿ, ದೂರದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಉಳಿದುಬಿಡುತ್ತದೆ. ಕಳೆದ ಅರ್ಧ ಶತಮಾನದಲ್ಲಿ ನಮ್ಮನ್ನು ಕುರಿತು ಜಗತ್ತು ಏನನ್ನು ಕಲಿತಿದೆಯೆಂಬುದನ್ನು ನಾವೇ ಅರಿಯದಿದ್ದರೆ ಅದು ಎಂಥ ವಿಪರೀತ! ಆದಕಾರಣ ಅದರಲ್ಲಿಯ ನಾಲ್ಕೈದು ಸಂಗತಿಗಳನ್ನು ತಮ್ಮ ಮುಂದೆ ಇಡುತ್ತೇವೆ. ಅವುಗಳಲ್ಲಿ ಕೆಲವು ನಮಗೆ ಹಿತವಾಗುವವು, ಕೆಲವು ಅಷ್ಟು ಹಿತವಾಗಲಾರವು. ಎರಡನ್ನೂ ಕೇಳುವ ಎದೆ ನಮಗಿರಬೇಕು.

ಮೊದಲು ಕಲ್ಲಿನ ಮಾತು. ಅಶೋಕನ ಲಿಪಿಯನ್ನು ಪ್ರಿನ್ಸೆಪ್ ಪಂಡಿತರು 1837ರಲ್ಲಿ ಓದಿದರು. ಆದರೆ ಆಗ ದೊರೆತಿದ್ದ ಶಾಸನಗಳಲ್ಲಿ ಅರಸನ ಬಿರುದು ಇತ್ತೇ ಹೊರತು ಅಶೋಕನೆಂಬ ಹೆಸರು ಇರಲಿಲ್ಲ. ಸಿಂಹಳದ ಗ್ರಂಥಗಳ ಸಹಾಯದಿಂದ ವಿದ್ವಾಂಸರು ಊಹಿಸಬೇಕಾಯಿತು. ಆ ಊಹೆಗೆ ಕಲ್ಲಿನ ಮುದ್ರೆ ಬಿದ್ದದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಬಂಗಾರದ ಗಣಿಯನ್ನು ಹುಡುಕುತ್ತಿದ್ದ ಬೀಡನ್ನರೆಂಬ ಎಂಜಿನಿಯರರ ಕಣ್ಣಿಗೆ ಬಿದ್ದ ಆ ಬಂಡೆಯಲ್ಲಿ ಅಶೋಕನ ಹೆಸರೇ ಕೊರೆದಿತ್ತು. ಬಂಗಾರ ಹುಡುಕಲು ಹೋದವರಿಗೆ ಬಂಗಾರಕ್ಕಿಂತ ಹೆಚ್ಚಿನದು ದೊರೆಯಿತು.

ಮುಂದೆ 1986ರಲ್ಲಿ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ದೇವಿಯ ವಿಗ್ರಹವನ್ನು ಎತ್ತಿ ನೋಡಿದಾಗ ಅದರ ಪೀಠವೇ ಅಶೋಕನ ಶಾಸನದ ಹಾಸುಗಲ್ಲು! ವಿಗ್ರಹವನ್ನು ನಿಲ್ಲಿಸುವದಕ್ಕಾಗಿ ಹಿಂದಿನವರು ಯಾರೋ ನಡುವೆ ಚಚ್ಚೌಕವಾಗಿ ತೂತು ಕೊರೆದಿದ್ದರು. ಆ ಭಾಗದ ಅಕ್ಷರಗಳು ಎಂದೆಂದಿಗೂ ಹೋದವು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಇಲಾಖೆಯವರು ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪವೂ, ರಾಣಿ ಮತ್ತು ಪರಿವಾರದೊಡನೆ ನಿಂತ ಅರಸನ ಶಿಲ್ಪವೂ ದೊರೆತವು. ಆ ಶಿಲ್ಪದ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಬರೆದಿದೆ. ಅಶೋಕನ ಹೆಸರನ್ನು ಜಗತ್ತಿಗೆ ಹೇಳಿದ್ದು ನಮ್ಮ ಬಂಡೆ. ಹೆಸರು ಸಹಿತವಾದ ಅವನ ಶಿಲ್ಪವನ್ನು ತೋರಿಸಿದ್ದು ನಮ್ಮ ಭೀಮಾನದಿಯ ದಂಡೆ. ಇದು ಹೆಮ್ಮೆಪಡತಕ್ಕ ಮಾತಲ್ಲವೇ? ಆದರೆ ಪೀಠದ ಆ ತೂತನ್ನೂ ನಾವು ಮರೆಯತಕ್ಕದ್ದಲ್ಲ. ಅಕ್ಷರವನ್ನು ಕೆಡಿಸಿದವರು ಪರಕೀಯರಲ್ಲ, ದೇವರ ಮೇಲಿನ ಭಕ್ತಿಯಿಂದಲೇ ಕೊರೆದ ನಮ್ಮ ಜನರು. ಓದಲು ಬಾರದಿದ್ದುದೇ ಅವರ ತಪ್ಪು. ಓದಬಲ್ಲ ನಾವು ಇಂದು ಶಾಸನದ ಕಲ್ಲುಗಳನ್ನು ಕಾಲುವೆಗೆ ಹಾಸಿದರೆ, ಬಟ್ಟೆ ಒಗೆಯುವದಕ್ಕೆ ಬಳಸಿದರೆ, ನಮ್ಮ ತಪ್ಪಿಗೆ ಯಾವ ಹೆಸರು ಕೊಡಬೇಕು?

ಇನ್ನು ಕನ್ನಡದ ಪ್ರಾಚೀನತೆಯ ಮಾತು. 1936ರಲ್ಲಿ ಡಾಕ್ಟರ ಎಂ. ಎಚ್. ಕೃಷ್ಣ ಅವರು ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಪ್ರಕಟಪಡಿಸಿದಾಗ ಕನ್ನಡಿಗರೆಲ್ಲರ ಮೈ ನವಿರೆದ್ದಿತು. ಸುಮಾರು 450ರದೆಂದು ಎಣಿಸಲಾದ ಆ ಶಾಸನವೇ ಬಹುಕಾಲ ಕನ್ನಡದ ಮೊದಲ ಶಾಸನವೆನಿಸಿತು. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ 2013-14ರ ಅಗೆತದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನವೊಂದು ದೊರೆತು, ಅದನ್ನು ಇಲಾಖೆಯವರು 370ರ ಸುಮಾರಿಗೆ ಸೇರಿಸಿದರು. ಹೀಗೆ ಕನ್ನಡದ ಆಯುಷ್ಯಕ್ಕೆ ಎಂಬತ್ತು ವರುಷ ಕೂಡಿದಂತಾಯಿತೆಂದು ಪತ್ರಿಕೆಗಳು ಹಿಗ್ಗಿದವು. ಹಿಗ್ಗಬಾರದೆಂದು ನಾವು ಹೇಳುವದಿಲ್ಲ. ಆದರೆ ಒಂದು ವಿವೇಕದ ಮಾತನ್ನು ನೆನಪಿಡಬೇಕು. ಹಲ್ಮಿಡಿಯ ಕಲ್ಲಿನ ಮೇಲೆ ಶಕವರ್ಷವಿಲ್ಲ. ಅಕ್ಷರದ ಆಕಾರ, ಅರಸರ ಹೆಸರು, ಭಾಷೆಯ ರೂಪ ಇವುಗಳಿಂದ ಕಾಲವನ್ನು ಕಟ್ಟಬೇಕಾಗುತ್ತದೆ. ಹೀಗೆ ಕಟ್ಟಿದ ಕಾಲವು ಹತ್ತಿಪ್ಪತ್ತು ವರುಷ ಹಿಂದೆ ಮುಂದೆ ಸರಿಯಬಹುದು. ಹಾಗೆ ಸರಿದರೆ ಕನ್ನಡಕ್ಕೆ ಯಾವ ಕುಂದೂ ಬರುವದಿಲ್ಲ. ಯಾರ ಭಾಷೆ ಹಳೆಯದೆಂದು ನೆರೆಯವರೊಡನೆ ಜಗಳಕ್ಕೆ ನಿಲ್ಲುವದಕ್ಕಿಂತ, ನಮ್ಮ ಕಲ್ಲು ಏನು ಹೇಳುತ್ತದೆಂಬುದನ್ನು ಓದುವದು ಹೆಚ್ಚಿನ ಭಾಷಾಭಿಮಾನ.

ಬೆಂಗಳೂರಿನ ಹೆಸರಿನ ಕಥೆಯನ್ನೇ ನೋಡಿರಿ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟುದರಿಂದ ‘ಬೆಂದ ಕಾಳೂರು’ ಆಯಿತೆಂದು ನಾವೆಲ್ಲರೂ ಎಳೆಯಂದಿನಲ್ಲಿ ಕೇಳಿದ್ದೇವೆ. ಕಥೆ ಚೆನ್ನಾಗಿದೆ. ಆದರೆ ಹೊಯ್ಸಳರು ಹುಟ್ಟುವ ಮೊದಲೇ, ಸುಮಾರು 900ರ ಬೇಗೂರಿನ ವೀರಗಲ್ಲಿನ ಮೇಲೆ ಬೆಂಗಳೂರಿನ ಕಾಳಗದ ಮಾತಿದೆ. ಸುಂದರವಾದ ಕಥೆಯೊಂದನ್ನು ಒರಟಾದ ಕಲ್ಲೊಂದು ಸೋಲಿಸಿತು. ಕಥೆಯನ್ನು ಮಕ್ಕಳಿಗೆ ಹೇಳೋಣ. ಇತಿಹಾಸವನ್ನು ಮಾತ್ರ ಕಲ್ಲಿನಿಂದ ಬರೆಯೋಣ.

ಕಲ್ಲಿನಿಂದ ಕಾವ್ಯಕ್ಕೆ ಬರೋಣ. ಸುಮಾರು 850ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು 1898ರಲ್ಲಿ ಅಚ್ಚು ಹಾಕಿಸಿದರು. ಕನ್ನಡನಾಡಿನ ಎಲ್ಲೆಗಳನ್ನು ನದಿಗಳಿಂದ ಗುರುತಿಸಿ ಹೇಳಿದ ಆ ಗ್ರಂಥವು ಏಕೀಕರಣದ ಹೋರಾಟಗಾರರಿಗೆ ದಸ್ತಾವೇಜಿನಂತಿತ್ತು. ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದ ಅಲಂಕಾರಗ್ರಂಥವೆಂದು ಪಂಡಿತರು ಅದನ್ನು ಓದಿದರು. ನಾವು ನಮ್ಮ ಗಡಿಯ ಸಾಕ್ಷಿಯೆಂದು ಓದಿದೆವು. ಅದಕ್ಕೆ ಮೂರನೆಯದೊಂದು ಅರ್ಥವಿದೆಯೆಂದು ತೋರಿಸಿದವರು ಅಮೇರಿಕೆಯ ಸಂಸ್ಕೃತ ವಿದ್ವಾಂಸರಾದ ಶೆಲ್ಡನ್ ಪೊಲಾಕ್ ಅವರು. 1998ರ ಲೇಖನವೊಂದರಲ್ಲಿಯೂ 2006ರ ಮಹಾಗ್ರಂಥದಲ್ಲಿಯೂ ಅವರು ಇಟ್ಟ ವಾದದ ಸಾರ ಹೀಗಿದೆ: ಸುಮಾರು ಸಾವಿರ ವರುಷ ಕಾಲ ಗಾಂಧಾರದಿಂದ ಜಾವಾದವರೆಗೆ ಅರಸರ ಕೀರ್ತಿಯನ್ನು ಸಂಸ್ಕೃತವೇ ಹಾಡುತ್ತಿತ್ತು, ದೇಶಭಾಷೆಗಳು ಹೊಲದ ಎಲ್ಲೆ, ತೆರಿಗೆಯ ಲೆಕ್ಕಗಳನ್ನು ಬರೆಯುವದಕ್ಕೆ ಮಾತ್ರ. ಬಳಿಕ ಒಂದೊಂದಾಗಿ ದೇಶಭಾಷೆಗಳು ಎದ್ದುನಿಂತು, ಸಂಸ್ಕೃತದ ಸಕಲ ಸಲಕರಣೆಗಳನ್ನೂ ತಮ್ಮದಾಗಿ ಮಾಡಿಕೊಂಡು, ತಮ್ಮ ನಾಡಿನ ಎಲ್ಲೆಯನ್ನು ತಾವೇ ಹೇಳಿಕೊಂಡು, ಕಾವ್ಯಸಿಂಹಾಸನವನ್ನು ಏರಿದವು. ಈ ದೊಡ್ಡ ಪಲ್ಲಟವನ್ನು ಬಗೆಬಗೆಯಾಗಿ ವಿಚಾರಮಾಡಿ ಹೇಳಿದ ಗ್ರಂಥ ಯಾವದು? ನಮ್ಮ ಕವಿರಾಜಮಾರ್ಗ! ಯುರೋಪಿನ ಭಾಷೆಗಳು ಲ್ಯಾಟಿನ್ನಿನಿಂದ ಬಿಡಿಸಿಕೊಂಡ ಕಥೆಯೊಡನೆ ಕನ್ನಡದ ಕಥೆಯನ್ನು ಸರಿಸಮವಾಗಿ ಇಟ್ಟು ನೋಡುವದು ಹೀಗೆ ಸಾಧ್ಯವಾಯಿತು. ಹೊರಗಿನವರ ಸಿದ್ಧಾಂತಕ್ಕೆ ಉದಾಹರಣೆ ಒದಗಿಸುತ್ತಿದ್ದ ಕನ್ನಡವು ತಾನೇ ಸಿದ್ಧಾಂತದ ಮೂಲವಾಯಿತು.

ಹಾಗಾದರೆ ಈ ವಾದವನ್ನು ಕಣ್ಣುಮುಚ್ಚಿ ಒಪ್ಪಬೇಕೇ? ಬೇಡ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡ ತ್ರಿಪದಿಗಳಿವೆ. ಆಸ್ಥಾನವು ಕನ್ನಡಕ್ಕೆ ಕಾವ್ಯದ ಪಟ್ಟ ಕಟ್ಟುವ ನೂರೈವತ್ತು ವರುಷ ಮೊದಲೇ ಕನ್ನಡವು ಬಂಡೆಯ ಮೇಲೆ ಹಾಡಿದೆ. ಅರಮನೆಯಿಂದಲೇ ಎಲ್ಲವೂ ಹುಟ್ಟಿತೆಂಬುದನ್ನು ಈ ಮೂರು ಸಾಲಿನ ಛಂದಸ್ಸು ಒಪ್ಪುವದಿಲ್ಲ. ಪೊಲಾಕ್ ಅವರೇ ಸಂಪಾದಿಸಿದ 2003ರ ಗ್ರಂಥದಲ್ಲಿ ನಮ್ಮವರೇ ಆದ ದಿವಂಗತ ಡಿ. ಆರ್. ನಾಗರಾಜರ ದೀರ್ಘ ಪ್ರಬಂಧವಿದೆ. ಕನ್ನಡ ಸಾಹಿತ್ಯದ ಒಳಗೇ ಇರುವ ತಿಕ್ಕಾಟಗಳನ್ನು ಅವರು ಅಲ್ಲಿ ಎತ್ತಿ ತೋರಿಸಿದರು. ಅರಮನೆಯ ಕವಿಯ ಕನ್ನಡವೂ, ಅರಮನೆಗೆ ಬೆನ್ನು ತಿರುಗಿಸಿದ ವಚನಕಾರರ ಕನ್ನಡವೂ ಒಂದೇ ಮನೆಯ ಎರಡು ದೀಪಗಳು. ಒಂದನ್ನು ಆರಿಸಿ ಇನ್ನೊಂದನ್ನು ಬೆಳಗಿಸುವದು ಮನೆಯನ್ನು ಅರೆಕತ್ತಲೆ ಮಾಡಿದಂತೆ. ಪರದೇಶದ ಪಂಡಿತರಿಗೆ ನಾವು ಕೃತಜ್ಞರಾಗಿರಬೇಕು, ಆದರೆ ಶಿಷ್ಯರಾಗಿಯೇ ಉಳಿಯಬಾರದು.

ಇನ್ನು ಹಿತವಾಗದ ಮಾತು. ವಿಜಯನಗರದ ಹೆಸರು ಕೇಳಿದೊಡನೆ ನಮ್ಮ ರಕ್ತ ಬಿಸಿಯಾಗುತ್ತದೆ. ಸಿವೆಲ್ ಸಾಹೇಬರು 1900ರಲ್ಲಿ ಮರೆತುಹೋದ ಸಾಮ್ರಾಜ್ಯದ ಚರಿತ್ರೆಯನ್ನು ಬರೆದಂದಿನಿಂದ, ಅದು ಮುಸಲ್ಮಾನರ ಪ್ರವಾಹಕ್ಕೆ ಅಡ್ಡಗಟ್ಟಿದ ಹಿಂದೂ ಕೋಟೆಯೆಂಬ ಒಂದೇ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತಿದೆ. 1980ರಿಂದೀಚೆಗೆ ಜಾರ್ಜ ಮಿಚೆಲ್, ಜಾನ್ ಫ್ರಿಟ್ಸ್ ಮುಂತಾದವರು ಹಂಪೆಯ ಗುಡಿ ಅರಮನೆಗಳನ್ನು ವರುಷಗಟ್ಟಲೆ ಅಳೆದು ನಕಾಶೆ ಬರೆದರು. 1996ರಲ್ಲಿ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ಒಂದು ಸಣ್ಣ ಪ್ರಶ್ನೆ ಕೇಳಿದರು: ಈ ಅರಸರು ತಮ್ಮ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂದು ಏಕೆ ಕರೆದುಕೊಂಡರು? ಸುರತ್ರಾಣವೆಂದರೆ ಸುಲ್ತಾನನೆಂಬ ಮಾತಿಗೆ ತೊಡಿಸಿದ ಸಂಸ್ಕೃತದ ಉಡುಪು. ಆಸ್ಥಾನದಲ್ಲಿ ಅವರು ತೊಡುತ್ತಿದ್ದ ಉದ್ದನೆಯ ಕಬಾಯಿಯೂ, ತಲೆಯ ಮೇಲಿನ ಎತ್ತರದ ಕುಲಾವಿಯೂ ಪಶ್ಚಿಮ ಏಶಿಯಾದಿಂದ ಬಂದವು. ಲೇಪಾಕ್ಷಿಯ ಗುಡಿಯ ಛಾವಣಿಯ ಚಿತ್ರಗಳಲ್ಲಿ ಆ ಉಡುಪನ್ನು ಇಂದಿಗೂ ಕಣ್ಣಾರೆ ಕಾಣಬಹುದು. ವಿರೂಪಾಕ್ಷನ ಭಕ್ತಿಯನ್ನು ಎಳ್ಳಷ್ಟೂ ಬಿಡದೆ, ಅಂದಿನ ದೊಡ್ಡ ಜಗತ್ತಿನ ರಾಜಮರ್ಯಾದೆಯನ್ನು ಅವರು ತಮ್ಮದನ್ನಾಗಿ ಮಾಡಿಕೊಂಡರು. ಇತ್ತ ಬಿಜಾಪುರದ ಅರಕಿಲ್ಲೆಯ ಬಾಗಿಲಿನಲ್ಲಿ ಚಾಲುಕ್ಯರ ಕಾಲದ ಕಂಬಗಳು ನಿಂತಿವೆ. ಚಾಲುಕ್ಯರ ಹಿರಿಮೆಯ ನೆನಪನ್ನು ತುಂಗಭದ್ರೆಯ ಈಚೆಯವರೂ ಆಚೆಯವರೂ ತಮ್ಮ ಪ್ರತಿಷ್ಠೆಗಾಗಿ ಬಳಸಿಕೊಂಡರೆಂದು ವ್ಯಾಗನರರೂ ರಿಚರ್ಡ ಈಟನ್ನರೂ 2014ರ ಗ್ರಂಥದಲ್ಲಿ ವಾದಿಸಿದ್ದಾರೆ.

ಇದರಿಂದ ವಿಜಯನಗರದ ವೈಭವ ಕುಗ್ಗಿತೇ? ನಮಗೆ ಹಾಗೆ ತೋರುವದಿಲ್ಲ. 1565ರ ಯುದ್ಧದ ದುಃಖವೂ ಸುಳ್ಳಾಗುವದಿಲ್ಲ. ಹಾಳು ಹಂಪೆ ನಮ್ಮ ಕಣ್ಣ ಮುಂದೆಯೇ ಇದೆ. ಆದರೆ ಹೆದರಿ ಬಾಗಿಲು ಮುಚ್ಚಿಕೊಂಡ ಕೋಟೆಗಿಂತ, ನಾಲ್ಕೂ ಕಡೆಯಿಂದ ಬಂದುದನ್ನು ಅರಗಿಸಿಕೊಂಡ ರಾಜಧಾನಿಯೇ ದೊಡ್ಡದಲ್ಲವೇ? ಬೇಡವಾದ ಸತ್ಯವನ್ನು ಮುಚ್ಚಿಟ್ಟು ಕಟ್ಟಿದ ಅಭಿಮಾನವು ಮೊದಲ ಮಳೆಗೆ ಕುಸಿಯುತ್ತದೆ. ಸನ್ನತಿಯ ಅದೇ ಕಲ್ಲಿನಲ್ಲಿ ಅಶೋಕನ ಹನ್ನೆರಡನೆಯ ಶಾಸನದ ಭಾಗವಿದೆ. ತನ್ನ ಮತವನ್ನು ಅತಿಯಾಗಿ ಹೊಗಳಿ ಪರಮತವನ್ನು ತೆಗಳುವವನು ತನ್ನದಕ್ಕೇ ಹಾನಿ ಮಾಡುತ್ತಾನೆಂಬುದೇ ಅದರ ತಾತ್ಪರ್ಯ. ಈ ಮಾತು ಮತಕ್ಕೆ ಹೇಗೋ ನಾಡಿಗೂ ನುಡಿಗೂ ಹಾಗೆಯೇ ಸಲ್ಲುತ್ತದೆ.

ಕೊನೆಯದು ಭಾಷೆಯ ಮಾತು, ಗಡಿಯ ಮಾತು. ನಮ್ಮ ರಾಜ್ಯವು ಕೂಡಿದ 1956ರಲ್ಲಿಯೇ ಎಮೆನೊ ಎಂಬ ಭಾಷಾಶಾಸ್ತ್ರಜ್ಞರು ಪ್ರಸಿದ್ಧವಾದ ಒಂದು ಲೇಖನ ಬರೆದರು. ಬೇರೆ ಬೇರೆ ಕುಲದ ಭಾಷೆಗಳು ಶತಮಾನಗಟ್ಟಲೆ ಒಟ್ಟಿಗೆ ಬಾಳಿದ್ದರಿಂದ ಭಾರತವೆಲ್ಲವೂ ಒಂದು ಭಾಷಾಕ್ಷೇತ್ರವಾಗಿದೆಯೆಂದು ಅವರು ತೋರಿಸಿದರು. ಇದಕ್ಕೆ ಬಹು ಸೊಗಸಾದ ಉದಾಹರಣೆ ದೊರೆತದ್ದು ನಮ್ಮ ಗಡಿಯಲ್ಲಿಯೇ. ಸಾಂಗಲಿಯ ಹತ್ತಿರದ ಕುಪವಾಡದಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನೂ, ಮುಸಲ್ಮಾನರು ಉರ್ದುವನ್ನೂ, ಬೇರೆಯವರು ಮರಾಠಿಯನ್ನೂ ಆಡುತ್ತ ತಲೆತಲಾಂತರದಿಂದ ಕೂಡಿ ಬಾಳಿದ್ದರು. ಗಂಪರ್ಝ ಮತ್ತು ವಿಲ್ಸನ್ ಎಂಬಿಬ್ಬರು 1971ರಲ್ಲಿ ಆ ಊರಿನ ಮಾತನ್ನು ಪರೀಕ್ಷಿಸಿ ಬರೆದಾಗ ಆಶ್ಚರ್ಯಕರ ಸಂಗತಿಯೊಂದು ಹೊರಬಿದ್ದಿತು. ಒಂದೊಂದು ಭಾಷೆಯವರೂ ತಮ್ಮ ಶಬ್ದಗಳನ್ನು ಬಿಟ್ಟಿರಲಿಲ್ಲ, ಆದರೆ ವಾಕ್ಯದ ಕಟ್ಟು ಮಾತ್ರ ಬಹುಮಟ್ಟಿಗೆ ಒಂದೇ ಆಗಿತ್ತು. ಮನುಷ್ಯರನ್ನು ಬಿಟ್ಟು ಉಳಿದ ವಸ್ತುಗಳಿಗೆ ಗಂಡು ಹೆಣ್ಣೆಂಬ ಭೇದವೆಣಿಸದ ಕನ್ನಡದ ಪದ್ಧತಿಯತ್ತ ಅಲ್ಲಿಯ ಮರಾಠಿ ಉರ್ದುಗಳು ವಾಲಿದ್ದವು. ‘ಇದು ಮನೆ’ ಎಂದು ಕ್ರಿಯಾಪದವಿಲ್ಲದೆ ಹೇಳುವ ನಮ್ಮ ರೂಢಿಯನ್ನು ಬಿಟ್ಟು ಅಲ್ಲಿಯ ಕನ್ನಡವು ನೆರೆಯವರಂತೆ ಕ್ರಿಯಾಪದವನ್ನು ಸೇರಿಸಿಕೊಂಡಿತ್ತು. ಕನ್ನಡವು ಕೊಟ್ಟಿತು, ಕನ್ನಡವು ಕೊಂಡಿತು, ಸಾಯಲಿಲ್ಲ.

ಗಡಿಯ ವಾದಗಳಲ್ಲಿ ನಾವು ಇಷ್ಟು ದಿನ ತಲೆಗಳನ್ನು ಎಣಿಸಿದೆವು. ಎಣಿಸುವದು ಅವಶ್ಯವಿದ್ದಾಗ ಎಣಿಸಲೇಬೇಕು. ನಮ್ಮವರಿಗೆ ಅವರ ನುಡಿಯ ಶಾಲೆ ಬೇಕು, ಕಚೇರಿಯಲ್ಲಿ ಅವರ ನುಡಿಗೆ ಮರ್ಯಾದೆ ಬೇಕು. ಆದರೆ ಎಣಿಕೆಯಿಂದ ಕಾಣದ ಒಂದು ಸಂಗತಿಯನ್ನು ಕುಪವಾಡವು ಕಲಿಸುತ್ತದೆ. ಗಡಿಯೆಂಬುದು ರಾಜ್ಯಕ್ಕೆ ಗೆರೆ, ಭಾಷೆಗೆ ಸಂತೆ. ಆ ಸಂತೆಯಲ್ಲಿ ನಿಂತ ಕನ್ನಡಿಗನನ್ನು ಅರ್ಧ ಕನ್ನಡಿಗನೆಂದು ಒಳನಾಡಿನವರು ಹೀಯಾಳಿಸುವದು ಅಜ್ಞಾನ. ಅವನ ಕನ್ನಡವು ಕೆಟ್ಟ ಕನ್ನಡವಲ್ಲ, ಬಾಳಿ ಬದುಕಿದ ಕನ್ನಡ.

ಭಾಷೆಗಳ ವಂಶವೃಕ್ಷದ ವಿಷಯದಲ್ಲಿಯೂ ಹೊಸ ಬೆಳಕು ಬಂದಿದೆ. ದಕ್ಷಿಣದ ಭಾಷೆಗಳದು ಬೇರೆಯೇ ಕುಲವೆಂದು ಎಲಿಸ್ ಸಾಹೇಬರು ಮದ್ರಾಸಿನಲ್ಲಿ 1816ರಲ್ಲಿಯೇ ಹೇಳಿದ್ದರು. ಕಾಲ್ಡ್ವೆಲ್ಲರ ವ್ಯಾಕರಣವು 1856ರಲ್ಲಿ ಅದನ್ನು ವಿಸ್ತರಿಸಿತು. ಜೀವಶಾಸ್ತ್ರಜ್ಞರು ಪ್ರಾಣಿಗಳ ವಂಶವನ್ನು ಕಂಡುಹಿಡಿಯಲು ಬಳಸುವ ಗಣಿತವನ್ನೇ ಶಬ್ದಗಳಿಗೆ ಹಚ್ಚಿ, ಗಣಕಯಂತ್ರದ ಸಹಾಯದಿಂದ ಇಪ್ಪತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿದ ವಿದ್ವಾಂಸರು, ಈ ಕುಲಕ್ಕೆ ಸುಮಾರು 4500 ವರುಷ ವಯಸ್ಸೆಂದು 2018ರಲ್ಲಿ ಅಂದಾಜು ಮಾಡಿದರು. ನೋಡಿರಿ, ಭಾಷಾಶಾಸ್ತ್ರ, ಜೀವಶಾಸ್ತ್ರ, ಗಣಿತ, ಪುರಾತತ್ತ್ವ ಇವೆಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಾಗಲೇ ಇಂಥ ಫಲ ದೊರೆಯುತ್ತದೆ. ಒಂಟಿಯಾಗಿ ಕುಳಿತವನಿಗೆ ದೊರೆಯುವದಿಲ್ಲ.

ಸೋದರರೇ, ಕೇಳಿ ಮೆಚ್ಚಿ ಮನೆಗೆ ಹೋದರೆ ಈ ಸಭೆಯಿಂದ ಪ್ರಯೋಜನವೇನು? ನಮ್ಮ ಕೈಯಿಂದ ಆಗತಕ್ಕ ಮೂರು ಕೆಲಸಗಳನ್ನು ಸೂಚಿಸುತ್ತೇವೆ.

ಒಂದು: ನಮ್ಮ ನಮ್ಮ ಊರಿನ ಕಲ್ಲುಗಳನ್ನು ಗುರುತಿಸಿ ಕಾಯುವದು. ಬೆಂಗಳೂರಿನ ಮಿಥಿಕ್ ಸೊಸಾಯಿಟಿಯವರು 2021ರಿಂದ ಆ ಪ್ರದೇಶದ ಶಾಸನಗಳನ್ನು ಹುಡುಕಿ, ಉಬ್ಬುತಗ್ಗುಗಳೆಲ್ಲ ಕಾಣುವಂತೆ ಮೂರು ಆಯಾಮದ ಸ್ಕ್ಯಾನು ತೆಗೆದು ಇಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಇದರಿಂದ ಓದಿಗೆ ಸಿಗುತ್ತವೆ. ನಾಳೆ ಕಲ್ಲು ಒಡೆದರೂ ಅದರ ಮಾತು ಉಳಿಯುತ್ತದೆ. ಅಂಥ ಯಂತ್ರ ನಮ್ಮಲ್ಲಿರಲಿಕ್ಕಿಲ್ಲ. ಆದರೆ ಪ್ರತಿಯೊಬ್ಬ ತರುಣನ ಕಿಸೆಯಲ್ಲಿಯೂ ಫೋಟೋ ತೆಗೆಯುವ ಸಾಧನವಿದೆ. ಕಲ್ಲಿಗೆ ಸುಣ್ಣ ಬಣ್ಣ ಬಳಿಯದೆ, ಕಿತ್ತು ಸಾಗಿಸದೆ, ಪಕ್ಕದಿಂದ ಬೆಳಕು ಬೀಳುವ ಬೆಳಗು ಸಂಜೆಯ ಹೊತ್ತಿನಲ್ಲಿ ಚಿತ್ರ ತೆಗೆದು ಬಲ್ಲವರಿಗೆ ತೋರಿಸಿರಿ.

ಎರಡು: ಹೊಸ ವಿದ್ಯೆಯನ್ನು ಕನ್ನಡಕ್ಕೆ ತರುವದು. ಬರಿಯ ಭಾಷಾಂತರ ಸಾಲದು. ಬಲ್ಲವರು ಅದನ್ನು ಅರಗಿಸಿಕೊಂಡು, ಒಪ್ಪದಿದ್ದಲ್ಲಿ ವಾದಿಸಿ, ನಮ್ಮ ಮಾತಿನಲ್ಲಿ ಬರೆಯಬೇಕು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಶಾಸ್ತ್ರವನ್ನು ಬರೆಯಲಾರದ ಭಾಷೆಗೆ ಶಾಸ್ತ್ರೀಯವೆಂಬ ಪದವಿ ಎಷ್ಟು ದಿನ ಶೋಭಿಸೀತು?

ಮೂರು: ಇದು ಎಲ್ಲಕ್ಕಿಂತ ಕಠಿಣ. ನಮಗೆ ಬೇಡವಾದ ಸತ್ಯ ಎದುರಾದಾಗ ಅದನ್ನು ಹೇಳಿದವರ ಮೇಲೆ ಕಲ್ಲು ಎತ್ತದಿರುವದು. ಕಲ್ಲು ಇರುವದು ಓದುವದಕ್ಕೆ, ಒಗೆಯುವದಕ್ಕಲ್ಲ. ಸಾಕ್ಷಿ ತಪ್ಪಾಗಿದ್ದರೆ ಬೇರೆ ಸಾಕ್ಷಿಯಿಂದ ಸೋಲಿಸೋಣ.

ಏಕೀಕರಣದ ಹಿರಿಯರು ನಾಲ್ಕು ಕಪಾಟುಗಳಲ್ಲಿ ಹಂಚಿಹೋಗಿದ್ದ ನಾಡನ್ನು ಮೊದಲು ಮನಸ್ಸಿನಲ್ಲಿ ಕೂಡಿಸಿದರು. ನೆಲವು ಆಮೇಲೆ ಕೂಡಿತು. ಅವರು ಕೂಡಿಸಿಕೊಟ್ಟ ನೆಲದ ಮೇಲೆ ನಿಂತು ನಾವು ವಿದ್ಯೆಯನ್ನು ಕೂಡಿಸದಿದ್ದರೆ ಅವರ ಕೆಲಸವು ಅರ್ಧಕ್ಕೇ ನಿಂತಂತೆ. ತಾವು ಈ ಸಭೆಯಿಂದ ಮರಳುವಾಗ ತಮ್ಮ ಊರ ಗುಡಿಯ ಮುಂದಿನ, ಕೆರೆಯ ಏರಿಯ ಮೇಲಿನ ಕಲ್ಲನ್ನು ಒಂದು ಕ್ಷಣ ನಿಂತು ನೋಡಿರಿ. ಅದು ನೂರಾರು ವರುಷಗಳಿಂದ ಮಾತನಾಡುತ್ತಲೇ ಇದೆ. ಕೇಳುವವರು ಬೇಕಾಗಿದ್ದಾರೆ.